ಹಳೇ ಜೀಪಿನವನು ಹತ್ತು ಗಂಟೆಗೆ ಬರ್ತಾನೆ

ರೀ,

ಗುಡ್ಡದಾಚೆ ಹಸುವೊಂದು ಕರು ಹಾಕೋಕೆ ಒದ್ದಾಡ್ತಿದೆಯಂತೆ. ಔಷಧಿ ಚೀಲ ಹೊತ್ಕೊಂಡು ಬಸ್ಸಿಗೆ ಹೊರಟೆ.

ಮೂರು ತಿಂಗಳಾಯ್ತು, ಸೆಕೆಂಡ್ ಹ್ಯಾಂಡ್ ಜೀಪಲ್ಲಿ ಹಳೇ ಮಾಡೆಲ್ಲೋ ಹೊಸ ಮಾಡೆಲ್ಲೋ ಅಂತ ನೀವಿನ್ನೂ ಮೀನಮೇಷ ಎಣಿಸ್ತಿದ್ದೀರಿ. "ಹಳೇ ಡೀಸೆಲ್ ಇಂಜಿನ್ನು ಕಣೇ, ಕೆಟ್ರೆ ನಾನೇ ಬಿಚ್ಚಿ ಜೋಡಿಸ್ತೀನಿ" ಅಂತೀರಿ. ಅದು ಇಳಿಜಾರಲ್ಲಿ ಕೆಟ್ಟಾಗ ನೀವು ಬ್ಯಾಂಕಲ್ಲಿರ್ತೀರಿ, ಸ್ಟೇರಿಂಗ್ ಹಿಡಿದಿರೋಳು ನಾನು!

ನಿನ್ನೆ ಮೆಕ್ಯಾನಿಕ್ಕನ್ನೇ ಕೇಳಿದೆ. "ಹಳೇದು ಗಟ್ಟಿಪಿಂಡ ಡಾಕ್ಟ್ರೇ, ಪಲ್ಟಿ ಹೊಡೆದ್ರೂ ಗಾಡಿಗೇನೂ ಆಗಲ್ಲ" ಅಂದ. "ಒಳಗಿರೋರಿಗೆ?" ಅಂತ ಕೇಳಿದ್ರೆ ತಲೆ ಕೆರ್ಕೊಂಡ.

ಏರ್‌ಬ್ಯಾಗ್ ಇರೋ ಹೊಸ ಮಾಡೆಲ್ಲೇ ತಗೊಳ್ಳೋಣ. ಇವತ್ತು ನಿಮಗೆ ರಜೆ ತಾನೇ, ಹಳೇ ಜೀಪು ತೋರಿಸೋಕೆ ತರೋನಿಗೆ ಬೇಡ ಅಂತ ನೀವೇ ಹೇಳಿ ಕಳಿಸಿ. ಸುಮ್ನೆ ಒಂದು ಸುತ್ತು ಓಡಿಸಿ ನೋಡ್ತೀನಿ ಅಂತ ಮಾತ್ರ ಹತ್ತಬೇಡಿ. ನಿಮ್ಮನ್ನ ನಾನು ಬಲ್ಲೆ, ಇಳಿಯೋ ಹೊತ್ತಿಗೆ ಕೊಂಡಿರ್ತೀರಿ.