ನಾಲ್ಕು ನಿಮಿಷದ ಮನೆ

ನಾಗಾಸಾಕಿ
ಜೂನ್ ೧೯, ಗುರುವಾರ

ಮೊರಿಹಿಕೊ ಅವರಿಗೆ ಚಿಜುರು ಮಾಡುವ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಈ ಸಲ ಇದು ಜಾಹೀರಾತಲ್ಲ, ನಿಜ. ನಮ್ಮ ಮನೆ ಮಾರಾಟವಾಯಿತು. ಬೆಳಿಗ್ಗೆ ಕರಾರಿಗೆ ಮುದ್ರೆ ಒತ್ತಿ ಬಂದವಳೇ ನಿಮಗೆ ಬರೆಯಲು ಕೂತಿದ್ದೇನೆ.

ಮೊದಲು ತಪ್ಪೊಪ್ಪಿಗೆ. ಮನೆ ಮಾರಲು ಅಧಿಕಾರ ಕೊಟ್ಟು ನೀವು ಎರಡು ವರ್ಷದ ಹಿಂದೆ ಕಳಿಸಿದ ಪತ್ರ ನನ್ನ ಕಚೇರಿಯ ಡ್ರಾಯರಿನಲ್ಲೇ ಬಿದ್ದಿತ್ತು. ಯಾರೂ ನೋಡಲು ಬರುತ್ತಿಲ್ಲ ಎಂದು ನಿಮಗೆ ಬರೆಯುತ್ತಿದ್ದೆನಲ್ಲ, ಬರುವುದು ಹೇಗೆ? ಈ ಏಪ್ರಿಲ್‌ವರೆಗೆ ನಾನು ಜಾಹೀರಾತನ್ನೇ ಕೊಟ್ಟಿರಲಿಲ್ಲ.

ಯಾಕೆ ಎನ್ನುವುದು ನಿಮಗೂ ಗೊತ್ತಿರಬಹುದು. ಎಂಬತ್ತು ಮೀಟರಿಗೆ ಒಂದು ನಿಮಿಷ, ಇದು ಮನೆ ಮಾರಿಸುವ ನಮ್ಮ ಕಸುಬಿನ ಲೆಕ್ಕ. ಏರು, ಮೆಟ್ಟಿಲು, ಏದುಸಿರು ಯಾವುದೂ ಅದರಲ್ಲಿ ಬರುವುದಿಲ್ಲ. ಹಾಗಾಗಿ ಗುಡ್ಡದ ನೆತ್ತಿಯ ಆ ಮನೆ ಟ್ರಾಮ್ ನಿಲ್ದಾಣದಿಂದ 'ನಡೆದರೆ ನಾಲ್ಕು ನಿಮಿಷ'. ಇಪ್ಪತ್ತೊಂದು ವರ್ಷದ ಹಿಂದೆ ನಿಮಗೆ ಅದನ್ನು ತೋರಿಸಲು ಕರೆದುಕೊಂಡು ಹೋದಾಗ ದಾರಿಯುದ್ದಕ್ಕೂ ನಾನು ಬಾಯಿ ಮುಚ್ಚಲಿಲ್ಲ. ಮೆಟ್ಟಿಲು ನಿಮ್ಮ ಗಮನಕ್ಕೆ ಬಾರದಿರಲಿ ಎಂದೇ ಹಾಗೆ ಮಾತಾಡಿದ್ದು. ಮನೆ ಕೊಂಡು ವಾಸಕ್ಕೆ ಬಂದ ಮೂರನೆಯ ದಿನ ನೀವು ನಮ್ಮ ಕಚೇರಿಗೆ ಬಂದು, ಕೈಗಡಿಯಾರ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು ಕೇಳಿದಿರಿ:

"ಹನ್ನೊಂದು ನಿಮಿಷ ಆಯ್ತು ಕಣ್ರೀ. ಮಿಕ್ಕಿದ ಏಳು ನಿಮಿಷ ಎಲ್ಲಿಟ್ಟಿದೀರಿ?"

ಬೈಯಲು ಬಂದವರು ಚಹಾ ಕುಡಿದು ಹೋದಿರಿ. ಮುಂದಿನ ವರ್ಷ ಅದೇ ಮನೆಗೆ ನಾನು ನಿಮ್ಮ ಹೆಂಡತಿಯಾಗಿ ಬಂದೆ. ಬೇರೆಯವರಿಗೆ ತೋಡಿದ ಹಳ್ಳಕ್ಕೆ ತಾನೇ ಬಿದ್ದಳು ಎಂದು ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ನಿಮ್ಮ ಎಡಮಂಡಿ ಕೈಕೊಟ್ಟಿತು. ಮೆಟ್ಟಿಲ ನಡುವಿನ ತಿರುವಿನಲ್ಲಿ, ದಾರಿ ಕಾಯುವ ಜಿಜೊ ದೇವರ ಕಲ್ಲುಮೂರ್ತಿಯ ಪಕ್ಕ ಕುಳಿತು ಸುಧಾರಿಸಿಕೊಳ್ಳದೆ ನೀವು ಮನೆ ಸೇರುತ್ತಿರಲಿಲ್ಲ. ಮಾರೋಣ ಎಂದಾಗಲೆಲ್ಲ ನಾನು, ಒಳ್ಳೆ ವ್ಯಾಯಾಮವಲ್ಲವೇ, ಕಡಲು ಕಾಣುವುದಿಲ್ಲವೇ ಎನ್ನುತ್ತಿದ್ದೆ. ಕೊನೆಗೊಂದು ದಿನ ನೀವು, "ಚಿಜುರು, ನನ್ನ ಹತ್ರ ಹೆಂಡತಿ ಥರ ಮಾತಾಡು. ಗಿರಾಕಿ ಹತ್ರ ಆಡೋ ಮಾತು ಬೇಡ" ಎಂದು ಹೇಳಿ, ಚೀಲ ಹಿಡಿದು ಇಸಾಹಾಯಾ ಊರಿನ ನಿಮ್ಮ ಅಕ್ಕನ ಮನೆಗೆ ಹೊರಟುಬಿಟ್ಟಿರಿ. ಆ ಮಾತು ಎರಡು ವರ್ಷ ನನ್ನನ್ನು ಚುಚ್ಚಿತು. ಆದರೂ ಮನೆ ಮಾರುವುದೆಂದರೆ, ನಿಮಗೆ ಸುಳ್ಳು ಹೇಳಿ ಮಾರಿದ್ದೆ ಎಂದು ಒಪ್ಪಿಕೊಂಡ ಹಾಗೆ. ಆ ಧೈರ್ಯ ನನಗಿರಲಿಲ್ಲ.

ಏಪ್ರಿಲ್‌ನಲ್ಲಿ ಬರೆದ ಮೊದಲ ಜಾಹೀರಾತೂ ಹಳೆಯ ಚಾಳಿಯದೇ. ಕಡಲ ನೋಟ, ಪ್ರಶಾಂತ ಪರಿಸರ, ನಾಲ್ಕು ನಿಮಿಷ. ಐದು ಜನ ಬಂದರು, ನಾಲ್ವರು ಜಿಜೊ ತನಕ ಬಂದು ವಾಪಸಾದರು. ಐದನೆಯವಳು ಒಬ್ಬ ಅಜ್ಜಿ, ಅಲ್ಲೇ ಕೂತು, ಫ್ಲಾಸ್ಕಿನ ಚಹಾ ಮುಗಿಸಿ, "ಮನೆ ಚೆನ್ನಾಗೇ ಇರಬೌದು ಕಣಮ್ಮ. ಅದನ್ನ ಸ್ವಲ್ಪ ಕೆಳಕ್ಕೆ ತಂದು ತೋರಿಸ್ತೀಯಾ?" ಎಂದಳು.

ಅಂದೇ ಹರಿದು ಹಾಕಿ ಹೊಸದಾಗಿ ಬರೆದೆ. 'ಇಳಿಯಲು ನಾಲ್ಕು ನಿಮಿಷ, ಹತ್ತಲು ಹನ್ನೊಂದು. ನೂರ ಮೂವತ್ತೇಳು ಮೆಟ್ಟಿಲು. ಕಡಲು ನೋಡಲು ಅಡುಗೆಮನೆಯಲ್ಲಿ ಸ್ಟೂಲ್ ಹತ್ತಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗದು. ಬಾಗಿಲ ತನಕ ಕಾರಾಗಲಿ ಬೈಕಾಗಲಿ ಬರುವುದಿಲ್ಲ, ಯಾವತ್ತೂ ಬರಲಾರದು.' ನಮ್ಮ ಕಚೇರಿಯ ಮಾಲೀಕರು ಕುವಾಹರ ಓದಿ ಕನ್ನಡಕ ತೆಗೆದರು. ನೀವು ಮನೆ ಮಾರುತ್ತಿದ್ದೀರೋ, ಅದಕ್ಕೆ ಶಾಪ ಹಾಕುತ್ತಿದ್ದೀರೋ ಎಂದು ಕೇಳಿದರು.

ಮರುವಾರ ಹಿಡಾಕ ಸಾನಾಎ ಎಂಬ ಹೆಂಗಸು ಬಂದಳು, ಏಳು ವರ್ಷದ ಮಗಳನ್ನು ಕರೆದುಕೊಂಡು. ಆ ಮಗುವಿಗೆ ಕಿವಿ ಕೇಳುವುದಿಲ್ಲ. ಕಳೆದ ಚಳಿಗಾಲದಲ್ಲಿ ಅವರ ಮನೆಯ ಮುಂದೆಯೇ ಒಂದು ಕಾರು ಅದರ ಶಾಲೆಯ ಚೀಲ ಸವರಿಕೊಂಡು ಹೋಗಿತ್ತಂತೆ. ಅಂದಿನಿಂದ ತಾಯಿ ಮಗಳ ಕೈ ಬಿಟ್ಟವಳೇ ಅಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕೇಳಿದಳು:

"ಕಾರು ಬರಲ್ಲ ಅನ್ನೋದು ಖಂಡಿತ ತಾನೇ? ಜಾಹೀರಾತಿಗೆ ಬರೆದಿದ್ದಲ್ಲವಲ್ಲ?"

ಖಂಡಿತ ಎಂದೆ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಆ ಮಾತನ್ನು ಸಾವಿರ ಸಲ ಆಡಿರಬೇಕು, ಹೇಳಿ ಹಗುರಾದದ್ದು ಅವತ್ತೇ. ಅವಳು ಮಗಳ ಕೈ ಬಿಟ್ಟಳು. ಮಗು ಒಂದು ಸಲ ತಿರುಗಿ ನೋಡಿ, ಒಂದೇ ಉಸಿರಿಗೆ ಮೇಲಕ್ಕೆ ಓಡಿತು. ತಾಯಿ ಮೊದಲ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಪಕ್ಕದಲ್ಲಿ ಕೂತು ನಾನೂ ಅತ್ತೆ. ಇಷ್ಟು ವರ್ಷ ನಾನು ಮುಚ್ಚಿಟ್ಟ ಕೊರತೆಯನ್ನೇ ಅವಳು ಊರೆಲ್ಲ ಹುಡುಕುತ್ತಿದ್ದಳು. ಸ್ನಾನದ ಮನೆಯ ಮೋರಿ ವಾಸನೆ ಬರುತ್ತದೆ ಎಂದೂ ಹೇಳಿದೆ. ಬರಲಿ ಬಿಡಿ ಎಂದು ಅಳುವಿನ ನಡುವೆಯೇ ನಕ್ಕಳು.

ಎದೆಯ ಮೇಲಿನ ಕಲ್ಲು ಇಳಿದ ಹಾಗಿದೆ. ಅಂದು ನಿಮಗೆ ಸುಳ್ಳು ಹೇಳಿದ್ದೆ, ಕ್ಷಮಿಸಿ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಹೆಂಡತಿ, ಈಗಲೂ ಹಾಗೆನ್ನಬಹುದಾದರೆ,
ಚಿಜುರು

ಮರೆತ ಮಾತು: ಕೆಳಗೆ, ಬಯಲಿನಲ್ಲಿ, ಒಂದು ಬಾಡಿಗೆ ಮನೆ ಹಿಡಿದಿದ್ದೇನೆ. ಬಿಸಿಲು ಬೆಳಿಗ್ಗೆ ಹತ್ತರವರೆಗೆ ಮಾತ್ರ. ಪಕ್ಕದಲ್ಲಿ ಮೀನಂಗಡಿ, ವಾಸನೆ ಇದೆ. ಮೆಟ್ಟಿಲು ಒಂದೇ, ಹೊಸ್ತಿಲಿನದು. ನಮ್ಮ ಕಸುಬಿನ ಲೆಕ್ಕದಲ್ಲಿ ಇದೂ ನಿಲ್ದಾಣದಿಂದ ನಾಲ್ಕು ನಿಮಿಷವೇ. ನಂಬಲಿಲ್ಲ. ಎಡಗಾಲು ಎಳೆದುಕೊಂಡು, ನಡುನಡುವೆ ನಿಂತು, ನಿಮ್ಮ ನಡಿಗೆಯಲ್ಲೇ ನಡೆದು ನೋಡಿದೆ. ಏಳು ನಿಮಿಷ ಆಯಿತು. ಅಂದು ನೀವು ಎಲ್ಲಿಟ್ಟಿದ್ದೀರಿ ಎಂದು ಕೇಳಿದ್ದಿರಲ್ಲ, ಇಲ್ಲಿಟ್ಟಿದ್ದೇನೆ. ಗಡಿಯಾರ ತಂದು ಅಳೆದು ನೋಡಿ.