ಕಿವಿ ಹಿಂದಿನ ಜಾಗ

ಸಲೂನಿನ ಹಿಂದಿನ ಕೋಣೆ
ಮಾರ್ಚ್ ೯, ಮಧ್ಯಾಹ್ನ

ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಮ್ಮಿಯಾಯ್ತಾ? ನೀನು ಕೆಲಸಕ್ಕಿರೋ ಆ ಮನೆಯವರು ಕೂತು ಉಣ್ಣೋಕೆ ಬಿಡ್ತಾರಾ, ಇಲ್ಲ ಈಗಲೂ ನಿಂತ್ಕೊಂಡೇನಾ? ನಾವು ಚೆನ್ನಾಗಿದ್ದೀವಿ ಅಂತ ಪ್ರತಿ ಸಲ ಬರೀತೀನಲ್ಲ, ಈ ಸಲ ಬರೆಯಲ್ಲ.

ನಿನ್ನ ಮಗಳು ಗುಬ್ಬಿ ತಲೇಲಿ ಹುಳುಕಡ್ಡಿ ಆಗಿತ್ತು. ಕಿವಿ ಹಿಂದೆ ಅಂಗಿ ಗುಂಡಿಯಷ್ಟಗಲ ಕೂದಲು ಉದುರ್ತು. ದಿನಾ ಇಪ್ಪತ್ತು ತಲೆ ನೋಡೋನು ನಾನು, ನನಗ್ಯಾರು ಹೇಳೋದು ಅಂತ ಮುಲಾಮು ತಂದು ಎರಡು ತಿಂಗಳು ತಿಕ್ಕಿದೆ. ಕೀವು ತುಂಬಿ ಊದಿಕೊಳ್ತು. ಸ್ಕೂಲಲ್ಲಿ ಟೀಚರು ಅವಳೊಬ್ಬಳನ್ನೇ ಕಿಟಕಿ ಹತ್ರ ಕೂರಿಸಿದ್ಲು. ನಾನು ಓದು ಬಿಟ್ಟ ಮೇಲೆ ಸ್ಕೂಲಿಗೆ ಕಾಲಿಟ್ಟಿದ್ದು ಅವತ್ತೇ, ಬಾಯಿಗೆ ಬಂದ ಹಾಗೆ ಬೈದು ಬಂದೆ. ಪಕ್ಕದ ಮನೆಯವಳು "ತಾಯಿ ಹತ್ರ ಇಲ್ಲ, ಪಾಪ, ಸ್ನಾನ ಯಾರು ಮಾಡಿಸ್ತಾರೆ" ಅಂದ್ಲು. ನಾನು ಮಾಡಿಸ್ತೀನಿ ಕಣೇ, ದಿನಾ, ಅಂದೆ.

ಕೊನೆಗೆ ಆಸ್ಪತ್ರೆ. ಡಾಕ್ಟರಮ್ಮ ಎರಡು ಕೂದಲು ಕಿತ್ತು ಪರೀಕ್ಷೆಗೆ ಕಳಿಸಿದ್ರು. "ಇದು ಬೇರಿನೊಳಗೆ ಕೂತಿದೆ, ಮೇಲೆ ಎಷ್ಟು ಬಳಿದ್ರೂ ಅಲ್ಲಿಗೆ ಇಳಿಯಲ್ಲ. ಮಾತ್ರೆ ನುಂಗಲೇಬೇಕು, ಎಂಟು ವಾರ. ಕೂದಲು ಬಂತು ಅಂತ ನಡುವೆ ನಿಲ್ಲಿಸಬೇಡ" ಅಂದ್ರು. ಊಟ ಆದ್ಮೇಲೆ ಹಾಲಿನ ಜೊತೆ ಕೊಡ್ತಿದ್ದೆ. ಗುಬ್ಬಿ ಅದನ್ನ ಕೆನ್ನೆಯೊಳಗೆ ಅಡಗಿಸಿ ಹೂಕುಂಡಕ್ಕೆ ಉಗಿಯೋಳು. ಗೊತ್ತಾದ ದಿನ ಕೈಯೆತ್ತಿದೆ. ಅವಳು ಎರಡೂ ಕೈಯಲ್ಲಿ ಆ ಜಾಗ ಮುಚ್ಕೊಂಡ್ಲು. ಹೊಡೀಲಿಲ್ಲ ಅಕ್ಕಾ. ಆಮೇಲೆ ದಿನಾ ನಾಲಿಗೆ ಎತ್ತಿಸಿ ನೋಡ್ತಿದ್ದೆ. "ಮಾಮ, ನೀನೇನು ಪೊಲೀಸಾ?" ಅನ್ನೋಳು. ಮೊನ್ನೆಗೆ ಎಂಟು ವಾರ ಆಯ್ತು. ರೋಗ ಹೋಗಿದೆ.

ನೀನು ಅಲ್ಲಿ ಇನ್ಯಾರದೋ ಮಗೂಗೆ ಜಡೆ ಹಾಕ್ತಿರ್ತೀಯ ಅಂತ ನೆನೆದ್ರೆ ಮೈ ಉರಿಯುತ್ತೆ. ನಿನ್ನ ಮೇಲಲ್ಲ. ಸ್ವಲ್ಪ ನಿನ್ನ ಮೇಲೂ.

ಗುಬ್ಬಿ ಮುತ್ತು ಕಳಿಸಿದ್ದಾಳೆ. ಭಾರ ಎತ್ತಬೇಡ.

ನಿನ್ನ ತಮ್ಮ

ಬರೆಯೋದು ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ. ನೀನು ಹೋದ ವಾರ, ಜಡೆ ಹಾಕೋಕೆ ಬರಲ್ಲ ಅಂತ ಅವಳ ಕೂದಲು ನಾನೇ ಮಶೀನಿನಲ್ಲಿ ಸಣ್ಣಗೆ ಹೊಡೆದೆ. ಅದಕ್ಕೆ ಮುಂಚೆ ಅದೇ ಮಶೀನಿನಲ್ಲಿ ಒಬ್ಬ ಹುಡುಗನದ್ದು ಹೊಡೆದಿದ್ದೆ, ಅವನ ತಲೆ ಅಲ್ಲಲ್ಲಿ ಬೋಳಾಗಿತ್ತು. ಅಂಗಡಿ ತುಂಬ ಜನ. ಬ್ಲೇಡನ್ನ ಕ್ರಿಮಿ ಸಾಯೋ ಔಷಧಿಗೆ ಅದ್ದಲಿಲ್ಲ, ಬರೀ ಉಫ್ ಅಂತ ಊದಿದೆ. ಕಿವಿ ಹಿಂದೆ ಈಗ ಕಲೆ ಇದೆ, ಅಲ್ಲಿ ಇನ್ನು ಕೂದಲು ಬರಲ್ಲವಂತೆ. ನೀನು ಕಳಿಸಿದ ಕ್ಲಿಪ್ಪನ್ನ ಅಲ್ಲೇ ಇಟ್ಟು ನೋಡ್ತಾಳೆ, ನಿಲ್ಲಲ್ಲ. ಹಳೇ ಟವೆಲ್ಲನ್ನ ಮೂರು ಪಟ್ಟಿಯಾಗಿ ಹರಿದು ಜಡೆ ಹಾಕೋದು ಕಲೀತಿದ್ದೀನಿ, ಕೂದಲು ಉದ್ದ ಬಂದ ಮೇಲೆ ಆ ಜಾಗ ಮುಚ್ಚೋ ಹಾಗೆ.