ಮೂರು ನರಿಮರಿಗಳ ಫೋಟೊ

ಮಾರ್ಚ್ ೧೪, ಗುರುವಾರ.

ನರಿಯ ಬಿಲವನ್ನು ಯಾರೋ ಗುದ್ದಲಿಯಿಂದ ಅಗೆದುಹಾಕಿದ್ದಾರೆ. ಮೂರು ಮರಿಗಳೂ ಇಲ್ಲ.

ಬಿಲ ತೋರಿಸಿದವಳು ಅಕ್ಕನ ಮಗಳು, ಅರಣ್ಯ ರಕ್ಷಕಿ. "ಮಾಮ, ಜಾಗ ಮಾತ್ರ ಯಾರಿಗೂ ಹೇಳ್ಬೇಡಿ" ಎಂದಿದ್ದಳು. ನನ್ನ ಕ್ಯಾಮೆರಾದ್ದು ಆರುನೂರು ಎಂ.ಎಂ.ನ ಅಗ್ಗದ ಜೂಮ್ ಲೆನ್ಸು, ಎರಡು ಕೆ.ಜಿ. ಭಾರ. ಸ್ಟ್ಯಾಂಡಿಲ್ಲದೆ ಬರಿಗೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಫೋಟೊ ಹೊಡೆದೆ. ತಾಯಿನರಿಯ ಮೀಸೆಯ ಕೂದಲು ಎಣಿಸಬಹುದು! ಅಂಥ ಕೈ ಈ ಸುತ್ತಮುತ್ತ ಯಾರಿಗಿದೆ?

ಭಾನುವಾರ ಕ್ಷೌರದಂಗಡಿಯಲ್ಲಿ ಎಲ್ಲರಿಗೂ ಫೋಟೊ ತೋರಿಸಿದೆ. ಮೂಲೆಯಲ್ಲಿ ಕೂತಿದ್ದ ಒಬ್ಬ ನಕ್ಕ. "ಬಿಡಿ ಯಜಮಾನ್ರೇ, ಇದು ಮೃಗಾಲಯದ್ದು."

ಮೈಯೆಲ್ಲ ಉರಿಯಿತು. "ಮೃಗಾಲಯವಂತೆ! ಹಳೇ ಕಲ್ಲುಕ್ವಾರಿ ಹಿಂದೆ, ಒಡೆದ ನೀರಿನ ಟ್ಯಾಂಕ್ ಪಕ್ಕ. ಹೋಗಿ ನೋಡ್ರಿ!" ಎಂದುಬಿಟ್ಟೆ.

ಆತ ಮತ್ತೆ ನಗಲಿಲ್ಲ. ಒಟ್ಟು ಮರಿ ಎಷ್ಟು ಎಂದು ಕೇಳಿದ. ಅದನ್ನೂ ಹೇಳಿದೆ.

ಇವತ್ತು ಅಕ್ಕನ ಮಗಳು ಆ ಬಿಲದ ಮುಂದೆ ಕುಕ್ಕರುಗಾಲಲ್ಲಿ ಕೂತು, "ಮಾಮ, ಯಾರಿಗಾದ್ರೂ ಹೇಳಿದ್ರಾ?" ಎಂದಳು.

"ನಾನಾ? ಛೇ!"

"ಗೊತ್ತು. ಸುಮ್ನೆ ಕೇಳ್ದೆ" ಎಂದು ನಂಬಿಯೇಬಿಟ್ಟಳು.

ನಾವು ಹಿಂತಿರುಗುವಾಗ ಕ್ವಾರಿಯೊಳಗೆ ತಾಯಿನರಿ ಕೂಗುತ್ತಿತ್ತು. ಒಂದು ಸಲ ಕೂಗುವುದು, ಉತ್ತರಕ್ಕೆ ಕಾಯುವುದು, ಮತ್ತೆ ಕೂಗುವುದು. ಈಗ ಮನೆಯಲ್ಲಿ ಕಿಟಕಿ ಮುಚ್ಚಿ ಕೂತರೂ ಕಿವಿಯೊಳಗೆ ಅದೇ. ಫೋಟೊ ತೆರೆದರೆ ತಾಯಿನರಿ ನೇರ ನನ್ನನ್ನೇ ನೋಡುತ್ತಿದೆ. ಅಷ್ಟು ದೂರದಿಂದ ಅದಕ್ಕೆ ನಾನು ಕಂಡಿರಲಾರೆ ಎಂದುಕೊಂಡಿದ್ದೆ.

ಆ ಮನುಷ್ಯನ ಮುಖ ಚೆನ್ನಾಗಿ ನೆನಪಿದೆ. ಈಗಲೇ ಹೇಳಿದರೆ ಮರಿಗಳು ಜೀವಂತ ಸಿಗಲೂಬಹುದು. ಅವಳ ನಂಬರ್ ತೆಗೆದಿಟ್ಟಿದ್ದೇನೆ. 'ಮಗಳೇ, ಹೇಳಿದವನು ನಾನೇ' ಎಂದು ಇಲ್ಲಿ ಬರೆಯುವುದು ಸುಲಭ. ಅವಳು ಫೋನೆತ್ತಿ "ಹೇಳಿ ಮಾಮ" ಎಂದಾಗ ಅದನ್ನೇ ಬಾಯಿಬಿಟ್ಟು ಹೇಳಬೇಕಲ್ಲ...